ಮೈನಸ್ ಹತ್ತರ ಚೀಲ

ಅಫಜಲಪುರ
೧೦ ನವೆಂಬರ್ ೨೦೨೪

ತಂಗಿ ಪಲ್ಲವಿಗೆ ಅಣ್ಣ ಜಗದೇವನ ಜೈ ಭೀಮ್.

ನೀನು ಕಲಬುರಗಿಯಲ್ಲಿ ರೈಲು ಹತ್ತಿ ಎರಡು ವಾರವಾಯಿತು. ಶಿಮ್ಲಾದಿಂದ ಮಾಡಿದ ಫೋನೇ ಕೊನೆ. ಹಿಮದ ಶಿಬಿರದಲ್ಲಿ ಫೋನ್ ಹತ್ತುವುದಿಲ್ಲ, ಕಾಜಾದ ಆಫೀಸಿಗೆ ಬಂದ ಟಪಾಲನ್ನು ಕಿರಾಣಿ ಹೊತ್ತು ತರುವವರೇ ವಾರಕ್ಕೊಮ್ಮೆ ಮೇಲೆ ತರುತ್ತಾರೆ ಎಂದು ಹೇಳಿದ್ದೆ. ಹಾಗಾಗಿ ಪೆನ್ನು ಹಿಡಿದಿದ್ದೇನೆ. ಹಗಲೆಲ್ಲ ಬಸ್ಸಿನಲ್ಲಿ ಟಿಕೆಟ್ ಮಶೀನಿನ ಗುಂಡಿ ಒತ್ತುವ ಕೈ ಇದು. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಮೊದಲು ಹೇಳು, ಸ್ಲೀಪಿಂಗ್ ಬ್ಯಾಗ್ ಹೇಗಿದೆ? ಸ್ಟೇಷನ್ನಿನ ಗಡಿಬಿಡಿಯಲ್ಲಿ ಅದರ ಕಥೆ ಹೇಳಲಾಗಲಿಲ್ಲ. ಸ್ವಂತ ಸ್ಲೀಪಿಂಗ್ ಬ್ಯಾಗ್ ತರಬೇಕು ಎಂದು ನಿಮ್ಮ ಸಂಸ್ಥೆಯವರು ಬರೆದಾಗ "ನೀ ನಿನ್ನ ತಯಾರಿ ಮಾಡ್ಕೋ, ಚೀಲ ನಾ ತರ್ತೇನಿ" ಎಂದು ಎದೆ ತಟ್ಟಿದವನು ನಾನು. ವಾರದ ರಜೆಯ ದಿನ ಸೋಲಾಪುರಕ್ಕೆ ಹೋದೆ. ಅಂಗಡಿಯವನು ನಾಲ್ಕೈದು ಬಗೆಯವನ್ನು ಬಿಚ್ಚಿ ಹರವಿದ. ನನ್ನ ಕಣ್ಣು ಕಿತ್ತಳೆ ಬಣ್ಣದ್ದರ ಮೇಲೆ ನಿಂತಿತು. ಅದರ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ ಮೈನಸ್ ಹತ್ತು ಎಂದು ಬರೆದಿತ್ತು. ನಮ್ಮ ಭೀಮೆಯ ದಂಡೆಗೆ ಹತ್ತು ಡಿಗ್ರಿ ಬಿದ್ದರೇ ಮಂದಿ ಕೌದಿ ಹೊದ್ದು ಉರಿಯ ಸುತ್ತ ಕೂರುತ್ತಾರೆ. ಇದು ಅದಕ್ಕಿಂತಲೂ ಇಪ್ಪತ್ತು ಮೆಟ್ಟಿಲು ಕೆಳಗಿನ ಥಂಡಿಗೆ. ಇನ್ನೇನು ನೋಡುವುದು? ಕಟ್ಟಿಕೊಡು ಎಂದೆ.

ಮನೆಗೆ ತಂದ ದಿನ ನೀನು ಪೇಟೆಗೆ ಹೋಗಿದ್ದೆ. ಅಪ್ಪ ರುಮಾಲಿನ ಸಮೇತ ಒಳಗೆ ಹೊಕ್ಕ. ಜಿಪ್ಪು ಕುತ್ತಿಗೆಯ ತನಕ ಎಳೆದೆ. ರುಮಾಲು ಸಿಕ್ಕಿಕೊಂಡಿತು. "ಏ ಜಗ್ಯಾ, ಬೆವರ ಬರಾಕತ್ತದ, ತೆಗಿ ಮೊದಲ!" ಎಂದು ಒಳಗಿನಿಂದ ಕೂಗು. ನಿನ್ನ ವೈನಿ ನಕ್ಕು ನಕ್ಕು ಗೋಡೆ ಹಿಡಿದಳು. ಹೊರಗೆ ಬಂದ ಮೇಲೆ ಅಪ್ಪ ತಾನೇ ಕೂತು ಅದನ್ನು ಸುತ್ತಿದ. ಆಳಂದದ ಅಡತಿ ಅಂಗಡಿಯಲ್ಲಿ ಜೀವಮಾನವೆಲ್ಲ ತೊಗರಿ ಚೀಲ ಹೊತ್ತು, ತೂಗಿ, ಅಟ್ಟಿ ಹಾಕಿದವನು ಆ ಹಗುರ ಚೀಲವನ್ನು ಮಡಿಲಲ್ಲಿಟ್ಟುಕೊಂಡು "ಇದರಾಗ ನನ್ನ ಮಗಳು ಮಕ್ಕೊಂತಾಳ" ಎಂದ. ಅಷ್ಟೇ ಅಂದದ್ದು. ಆದರೆ ಮರುದಿನವೇ ನಮ್ಮ ಹುಟ್ಟೂರು ನಿಂಬರ್ಗಾಕ್ಕೆ ಹೋಗಿ ಊರಿಗೆಲ್ಲ ಹೇಳಿ ಬಂದ.

ಹೇಗಿದ್ದೀ, ಏನು ಉಣ್ಣುತ್ತೀ, ಹಿಮ ಮುಟ್ಟಿದರೆ ಹೇಗಿರುತ್ತದೆ, ಎಲ್ಲ ಬರೆ.

ನಿನ್ನ ಅಣ್ಣ,
ಜಗದೇವ


ಹಿಮ ಶಿಬಿರ, ಸ್ಪಿತಿ
೨೭ ನವೆಂಬರ್ ೨೦೨೪

ಅಣ್ಣನಿಗೆ ಜೈ ಭೀಮ್.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಪ್ಪನ ರುಮಾಲು ಜಿಪ್ಪಿಗೆ ಸಿಕ್ಕ ಜಾಗಕ್ಕೆ ಬಂದಾಗ ಜೋರಾಗಿ ನಕ್ಕುಬಿಟ್ಟೆ. ನನ್ನ ಗುಡಾರದಲ್ಲೇ ಇರುವ ಡೊಲ್ಮಾ ಏನಾಯಿತೆಂದು ಕೇಳಿದಳು. ಹಿಂದಿಗೆ ತಿರುಗಿಸಿ ಹೇಳಿದೆ. ಅವಳೂ ನಕ್ಕಳು. ಡೊಲ್ಮಾ ಕಾಜಾದವಳು, ನನ್ನ ಹಾಗೆಯೇ ಸಂಶೋಧನೆಗೆ ಸೇರಿದವಳು.

ಹಿಮ ಮುಟ್ಟಿದರೆ ಹೇಗಿರುತ್ತದೆ ಎಂದು ಕೇಳಿದ್ದೀ. ಮೊದಲ ದಿನ ಸಕ್ಕರೆಯ ಹಾಗೆ ಇತ್ತು, ಮರುದಿನ ಒಣ ಹಿಟ್ಟಿನ ಹಾಗೆ, ಗಾಳಿ ಬೀಸಿದ ಮೇಲೆ ಹಂಚಿನ ಹಾಗೆ. ನಮ್ಮ ಕೆಲಸ ಅದರಲ್ಲಿ ಎದೆಮಟ್ಟದ ಗುಂಡಿ ತೋಡುವುದು, ಉಕ್ಕಿನ ಕೊಳವೆ ಚುಚ್ಚಿ ಪದರ ಪದರವಾಗಿ ಹಿಮ ತೆಗೆಯುವುದು, ತೂಗುವುದು. ತೂಕ ತಿಳಿದರೆ ಅದರಲ್ಲಿ ಎಷ್ಟು ನೀರಿದೆ ಎಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಕೆಳಗಿನ ಊರುಗಳ ಕಾಲುವೆಗೆ ಎಷ್ಟು ಇಳಿದೀತು ಎಂದು ಈಗಲೇ ಹೇಳಬಹುದು. ಅಪ್ಪನಿಗೆ ಹೇಳು, ಅವನು ತೊಗರಿ ತೂಗಿದ, ನಾನು ಹಿಮ ತೂಗುತ್ತಿದ್ದೇನೆ. ಎರಡರಲ್ಲೂ ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಡಬಾರದು.

ಚೀಲ ಬಹಳ ಚೆನ್ನಾಗಿದೆ, ಅಣ್ಣಾ. ಮೊದಲ ರಾತ್ರಿ ಗುಡಾರದೊಳಗೆ ಮೈನಸ್ ಹದಿನಾಲ್ಕು ಇತ್ತು. ನಿನ್ನ ಚೀಲದಲ್ಲೇ ಮಲಗಿದ್ದೆ. ಬೆಳಗಾದದ್ದೇ ಗೊತ್ತಾಗಲಿಲ್ಲ. ಡೊಲ್ಮಾ ಅದನ್ನು ಎರಡೆರಡು ಸಲ ಮುಟ್ಟಿ ನೋಡಿ, ಯಾರು ತಂದುಕೊಟ್ಟರು ಎಂದು ಕೇಳಿದಳು. ನಮ್ಮ ಅಣ್ಣ ಎಂದೆ. ಮುಂದೆ ಏನೂ ಕೇಳಲಿಲ್ಲ. ಈಗ ಅದು ದಿನವೂ ಕೆಲಸಕ್ಕೆ ಬರುತ್ತಿದೆ.

ವೈನಿಗೆ ಹೇಳು, ಆಕೆ ಕಟ್ಟಿಕೊಟ್ಟ ಶೇಂಗಾ ಉಂಡಿ ಕಲ್ಲಾಗಿದೆ. ಸುತ್ತಿಗೆಯಿಂದ ಒಡೆದು ತಿನ್ನುತ್ತೇವೆ.

ನಿನ್ನ
ಪಲ್ಲವಿ


ಅಫಜಲಪುರ
೧೨ ಡಿಸೆಂಬರ್ ೨೦೨೪

ತಂಗಿ ಪಲ್ಲವಿಗೆ,

ಜೈ ಭೀಮ್, ಜೈ ಜೈ ಭೀಮ್! ನಿನ್ನ ಪತ್ರವನ್ನು ನಾನೊಬ್ಬನೇ ಓದಲಿಲ್ಲ, ಇಡೀ ಅಫಜಲಪುರ–ಜೇವರ್ಗಿ ಬಸ್ಸು ಓದಿದೆ. ಬೆಳಗಿನ ಟ್ರಿಪ್ಪಿನಲ್ಲಿ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ, ಡ್ರೈವರ್ ಗುರುಲಿಂಗನ ಹಿಂದೆ ಕಂಬಿ ಹಿಡಿದು ನಿಂತು ಓದಿ ಹೇಳಿದೆ. ಮೈನಸ್ ಹದಿನಾಲ್ಕು ಎಂದಾಗ ಬಸ್ಸು "ಹೋ" ಎಂದಿತು. ಕಾಯಿಪಲ್ಲೆ ಮಾರುವ ಶರಣಬಸಮ್ಮ ಕೇಳಿದಳು, "ಕಂಡಕ್ಟರಾ, ಆ ಥಂಡ್ಯಾಗ ಪೋರಿ ಜಳಕ ಹ್ಯಾಂಗ ಮಾಡ್ತಾಳೋ?" ಇದಕ್ಕೆ ನೀನೇ ಉತ್ತರ ಬರೆ. ನನಗೆ ಗೊತ್ತಿಲ್ಲ.

ದೊಡ್ಡ ಸುದ್ದಿ ಇನ್ನೊಂದಿದೆ. ನಮ್ಮ ಬಸ್ಸಿಗೆ ಜೇವರ್ಗಿಯಿಂದ ಅಮೃತ ಎಂಬ ಹುಡುಗಿ ಬರುತ್ತಾಳೆ. ಇಲ್ಲಿ ಬಿ.ಎಸ್ಸಿ. ಓದುತ್ತಾಳೆ. ತಂದೆ ಅಣ್ಣಾರಾಯನದು ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು ಚಹಾದ ಹೋಟೆಲು. ಆಕೆಯ ಕಾಲೇಜಿನ ಹುಡುಗಿಯರ ತಂಡವೊಂದು ಜನವರಿ ಮೂರಕ್ಕೆ ಉತ್ತರಾಖಂಡದ ಹಿಮಚಾರಣಕ್ಕೆ ಹೊರಟಿದೆ. ರಾತ್ರಿ ಮೈನಸ್ ಹತ್ತರ ತನಕ ಹೋಗಬಹುದಂತೆ. ಸ್ಲೀಪಿಂಗ್ ಬ್ಯಾಗ್ ಅವರವರೇ ತರಬೇಕಂತೆ. ಅಣ್ಣಾರಾಯ ನನ್ನನ್ನು ಹೋಟೆಲಿಗೆ ಕರೆದು ಕೂರಿಸಿ "ನಿಮ್ಮ ತಂಗಿ ಅಲ್ಲೇ ಅದಾರ. ಯಾವ ಚೀಲ ಛಲೋ ಅಂತ ನೀವೇ ಹೇಳ್ರಿ" ಎಂದ. ಯಾರು ಯಾರನ್ನು ಕೇಳುತ್ತಿದ್ದಾರೆ ನೋಡು! ನಮ್ಮ ಅಪ್ಪನನ್ನು ಒಂದು ಕಾಲಕ್ಕೆ ಹೋಟೆಲಿನ ಹೊರಗೆ ನಿಲ್ಲಿಸಿ ಚಹಾ ಕೊಡುತ್ತಿದ್ದರು. ಇವತ್ತು ಒಳಗೆ ಕೂರಿಸಿ ಅದೇ ಧಮ್ಮಪಾಲನ ಮಗಳ ಅಭಿಪ್ರಾಯ ಕೇಳುತ್ತಾರೆ.

ನಾನು ಹೇಳಿದೆ, "ಮೈನಸ್ ಹದಿನಾಲ್ಕರಾಗ ನಮ್ಮ ತಂಗಿ ಮಕ್ಕೊಂಡು ಎದ್ದಾಳರಿ. ಇನ್ನ ಬ್ಯಾರೆ ಹುಡುಕಬ್ಯಾಡ್ರಿ." ಮುಂದಿನ ರಜೆಗೆ ಸೋಲಾಪುರಕ್ಕೆ ಹೋಗಿ ಅಮೃತಳಿಗೆ ಅಂಥದ್ದೇ ಒಂದು ತರುತ್ತೇನೆ. ಅದನ್ನು ನೋಡಿ ತಂಡದವರೆಲ್ಲ ಅದನ್ನೇ ತರಿಸುವ ಮಾತಿದೆ.

ಅಪ್ಪ ಈಗ ತಕ್ಕಡಿಯ ಮುಳ್ಳಿನ ಮಾತನ್ನು ಊರ ತುಂಬ ಹೇಳುತ್ತಿದ್ದಾನೆ.

ನಿನ್ನ ಅಣ್ಣ,
ಜಗದೇವ


ಅಫಜಲಪುರ
೨೩ ಡಿಸೆಂಬರ್ ೨೦೨೪

ಪಲ್ಲವಿ,

ನಿನ್ನಿಂದ ಪತ್ರವಿಲ್ಲ. ಇದು ನಿನ್ನ ಕೈ ಸೇರುವುದು ಯಾವಾಗಲೋ. ಆದರೂ ಬರೆಯದೆ ಇರಲಾರೆ.

ಅಮೃತಳಿಗೆ ಚೀಲ ತಂದೆ. ಆಕೆ ಬಸ್ಸಿನಲ್ಲಿ ಅದನ್ನು ಬಿಚ್ಚಿ ನೋಡಿ, ಬಹಳ ಮರ್ಯಾದೆಯಿಂದ "ಅಣ್ಣಾರ, ನೀವು ಇದರಾಗ ಮಕ್ಕೊಂಡು ನೋಡೀರೇನ್ರಿ?" ಎಂದು ಕೇಳಿದಳು. ಹುಡುಗಿಗೆ ಧೈರ್ಯ ಬರಲಿ ಎಂದು "ಇವತ್ತ ನೋಡೇ ಬಿಡ್ತೇನಿ" ಎಂದೆ. ಜೇವರ್ಗಿಯಲ್ಲಿ ನದೀಮನ ಐಸ್‌ಕ್ರೀಮ್ ಏಜೆನ್ಸಿ ಇದೆಯಲ್ಲ, ಅಲ್ಲಿ ಆಳೆತ್ತರದ ಥಂಡಿ ಕೋಣೆ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ಹೋದೆ. ಬಾಗಿಲ ಮೇಲಿನ ಮೀಟರು ಮೈನಸ್ ಹನ್ನೆರಡು ತೋರಿಸುತ್ತಿತ್ತು. ನದೀಮ "ಅರೇ ಜಗದೇವಣ್ಣಾ, ಹುಚ್ಚ ಹಿಡದದೇನು?" ಎಂದ. ನಾನು ನಗುತ್ತ ಡಬ್ಬಿಗಳ ನಡುವೆ ಚೀಲ ಹಾಸಿ ಒಳಗೆ ಹೊಕ್ಕೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೆಲದಿಂದ ಥಂಡಿ ಬೆನ್ನಿಗೆ ಏರಿತು. ನೀರಿನಲ್ಲಿ ಮಲಗಿದ ಹಾಗೆ. ಪಾದ ಇದೆಯೋ ಇಲ್ಲವೋ ತಿಳಿಯದಾಯಿತು. ಹಲ್ಲು ನನ್ನ ಮಾತು ಕೇಳಲಿಲ್ಲ. ಜಿಪ್ಪು ಎಳೆಯಲು ಬೆರಳು ಮಡಿಯಲಿಲ್ಲ. ನದೀಮ ಬಂದು ಚೀಲದ ಸಮೇತ ನನ್ನನ್ನು ಹೊರಗೆ ಎಳೆದ. ಬಿಸಿಲಿನಲ್ಲಿ ಕೂರಿಸಿ ಚಹಾ ಕುಡಿಸಿದ. ಕಪ್ಪು ಹಿಡಿಯಲಾಗದೆ ಅವನ ಕೈಯಿಂದಲೇ ಕುಡಿದೆ. ಒಳಗೆ ಒಂದು ತಾಸೂ ಇದ್ದಿರಲಿಲ್ಲ ನಾನು.

ನೀನು ಅದರಲ್ಲಿ ಒಂದು ತಿಂಗಳಿಂದ ಮಲಗುತ್ತಿದ್ದೀ. ಬಹಳ ಚೆನ್ನಾಗಿದೆ ಎಂದು ಬರೆದೆ. ಬೆಳಗಾದದ್ದೇ ಗೊತ್ತಾಗಲಿಲ್ಲ ಎಂದೆ. ಯಾಕೆ ಬರೆದೆ ಹಾಗೆ? ನಾನೇನು ಬಯಲಾಟ ನೋಡಲು ಬಂದ ಮಂದಿಯೇ, ಮೆಚ್ಚಿಸಿ ಕಳಿಸಲು? ನಿನ್ನ ಸುಳ್ಳನ್ನು ನಾನು ಬಸ್ಸಿನ ತುಂಬ ಓದಿ ಹೇಳಿದೆ. ಅಣ್ಣಾರಾಯನ ಮಗಳ ಜೀವದ ಮೇಲೆ ಅದನ್ನು ಹೊದಿಸಲು ಹೊರಟಿದ್ದೆ. ಆಕೆ ಆ ಒಂದು ಪ್ರಶ್ನೆ ಕೇಳದೆ ಹೋಗಿದ್ದರೆ?

ಅಪ್ಪನಿಗೆ ಹೇಳಿಲ್ಲ. ಏನೆಂದು ಹೇಳಲಿ?

ನಿನ್ನ ಮೇಲೆ ಸಿಟ್ಟು ಬಂದಿದೆ. ಅದಕ್ಕಿಂತ ಹೆಚ್ಚು ಹೆದರಿಕೆ.

ಜಗದೇವ


ಹಿಮ ಶಿಬಿರ, ಸ್ಪಿತಿ
೨೪ ಡಿಸೆಂಬರ್ ೨೦೨೪

ಅಣ್ಣಾ,

ನಿನ್ನ ಹನ್ನೆರಡನೇ ತಾರೀಖಿನ ಪತ್ರ ಈಗಷ್ಟೇ ಬಂತು. ಅಮೃತಳಿಗೆ ಆ ಚೀಲ ಕೊಡಬೇಡ. ಉಳಿದದ್ದನ್ನು ಓದುವ ಮೊದಲು ಎದ್ದು ಹೋಗಿ ಅವಳ ಮನೆಯವರಿಗೆ ಹೇಳಿ ಬಾ.

ಹೇಳಿದೆಯಾ? ಈಗ ಓದು.

ಮೊದಲ ರಾತ್ರಿ ನಾನು ನಿನ್ನ ಚೀಲದಲ್ಲಿ ಮಲಗಿದ್ದು ನಿಜ. ಬಹಳ ಹೊತ್ತು ನಡುಗಿದೆ. ಆಮೇಲೆ ನಡುಕ ನಿಂತಿತು. ಥಂಡಿಯಲ್ಲಿ ನಡುಕ ನಿಲ್ಲುವುದೇ ಕೆಟ್ಟ ಲಕ್ಷಣ ಎಂದು ಆಗ ನನಗೆ ತಿಳಿದಿರಲಿಲ್ಲ. ಡೊಲ್ಮಾ ನನ್ನ ಹೆಸರು ಕೂಗಿದಳಂತೆ, ನಾನು ಉತ್ತರ ಕೊಡಲಿಲ್ಲವಂತೆ. ತನ್ನ ಚೀಲದೊಳಗೆ ನನ್ನನ್ನು ಎಳೆದುಕೊಂಡು ತಬ್ಬಿ ಮಲಗಿದಳು. ಬೆಳಗಾದದ್ದೇ ಗೊತ್ತಾಗಲಿಲ್ಲ ಎಂದು ಬರೆದಿದ್ದೆನಲ್ಲ, ಆ ಮಾತು ಮಾತ್ರ ಖರೆ. ಮರುದಿನವೇ ಶಿಬಿರದ ಉಗ್ರಾಣದಿಂದ ನನಗೆ ಬೇರೆ ಚೀಲ ಕೊಟ್ಟರು. ಅವತ್ತಿನಿಂದ ಅದರಲ್ಲೇ ಮಲಗುತ್ತೇನೆ, ಬೆಚ್ಚಗಿದ್ದೇನೆ.

ತಪ್ಪು ಚೀಲದ್ದಲ್ಲ. ಇದನ್ನು ಅಮೃತಳಿಗೆ ಬಿಡಿಸಿ ಹೇಳು. ಪರೀಕ್ಷೆ ಮಾಡಿದ ಒಳ್ಳೆಯ ಚೀಲಕ್ಕೆ ಮೂರು ಅಂಕಿ ಇರುತ್ತವೆ. ಮೊದಲನೆಯದು ಕಂಫರ್ಟ್: ಹೆಣ್ಣುಮಗಳೊಬ್ಬಳು ಆರಾಮವಾಗಿ ನಿದ್ದೆ ಮಾಡಬಲ್ಲ ಥಂಡಿ. ಎರಡನೆಯದು ಲಿಮಿಟ್: ಗಂಡಸೊಬ್ಬ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಲ್ಲ ಥಂಡಿ. ಮೂರನೆಯದು ಎಕ್ಸ್‌ಟ್ರೀಮ್. ಅಲ್ಲಿ ನಿದ್ದೆಯ ಮಾತೇ ಇಲ್ಲ, ಜೀವ ಉಳಿದರೆ ಸಾಕು. ನಮ್ಮ ಚೀಲದ ಮೇಲೆ ದೊಡ್ಡದಾಗಿ ಬರೆದ ಮೈನಸ್ ಹತ್ತು ಈ ಮೂರನೆಯದು. ಒಳಗೆ ಕಾಲಿನ ಕಡೆಯ ಹೊಲಿಗೆಯಲ್ಲಿ ಬೆರಳಗಲದ ಪಟ್ಟಿ ಇದೆ, ನೋಡು. ಕಂಫರ್ಟ್ ಎಂಟು ಎಂದಿದೆ. ಮೈನಸ್ ಅಲ್ಲ, ಬರೀ ಎಂಟು. ಭೀಮೆಯ ದಂಡೆಗೆ ಸರಿಯಾದ ಚೀಲ ಅದು.

ಅವಳಿಗೆ ಕಂಫರ್ಟ್ ಮೈನಸ್ ಹತ್ತು ಅಥವಾ ಅದಕ್ಕಿಂತ ಕೆಳಗಿನದು ಬೇಕು. ತಲೆ ಮುಚ್ಚುವ ಟೊಪ್ಪಿಗೆ ಇರಬೇಕು. ಮೈಗೆ ಹೊಂದಬೇಕು, ತೀರ ದೊಡ್ಡದಾದರೆ ಒಳಗಿನ ಗಾಳಿಯನ್ನು ಕಾಯಿಸುವುದರಲ್ಲೇ ಮೈಯ ಶಾಖ ಹೋಗುತ್ತದೆ. ಕೆಳಗೆ ದಪ್ಪ ಚಾಪೆ ಬೇಕೇ ಬೇಕು. ಪುಕ್ಕದ ಚೀಲವಾದರೆ ನೀರು ತಾಗಬಾರದು. ಮಲಗುವಾಗ ಒಣ ಕಾಲುಚೀಲ.

ಯಾಕೆ ಸುಳ್ಳು ಬರೆದೆ ಎಂದು ನೀನು ಕೇಳುತ್ತೀ. ಇಲ್ಲಿ ಉಳಿದವರೆಲ್ಲ ಬೆಟ್ಟ ಹತ್ತಿಯೇ ಬೆಳೆದವರು. ನಿಂಬರ್ಗಾದಿಂದ ಬಂದವಳಿಗೆ ಇಲ್ಲಿ ಏನೂ ಗೊತ್ತಿರಲಿಲ್ಲ. ನನ್ನಲ್ಲಿದ್ದ ಒಂದೇ ಜಂಬವೆಂದರೆ ಆ ಕಿತ್ತಳೆ ಚೀಲ. ಅದರ ಜಿಪ್ಪಿನಲ್ಲಿ ಅಪ್ಪನ ರುಮಾಲಿನ ದಾರ ಇನ್ನೂ ಸಿಕ್ಕಿಕೊಂಡಿದೆ. ಅದು ಸಾಲದು ಎಂದು ನಿನಗೆ ಬರೆಯಲು ಕೈ ಬರಲಿಲ್ಲ. ಒಬ್ಬಳು ಥಂಡಿ ತಿಂದರೆ ಮುಗಿಯಿತು ಎಂದುಕೊಂಡೆ. ಇನ್ನೊಬ್ಬಳು ಇದನ್ನು ನಂಬಿ ಬೆಟ್ಟ ಹತ್ತುತ್ತಾಳೆ ಎಂದು ಹೊಳೆಯಲೇ ಇಲ್ಲ.

ಹಿಮ ಬಿದ್ದು ಜೀಪು ನಿಂತಿದೆ. ಗಾಳಿಗೆ ಶಿಬಿರದ ವೈರ್‌ಲೆಸ್ ಕಂಬ ಮುರಿದಿದೆ. ಕಿರಾಣಿಯವರು ನಡೆದು ಬಂದಿದ್ದಾರೆ, ನಾಳೆ ಬೆಳಗ್ಗೆ ನಡೆದೇ ಇಳಿಯುತ್ತಾರೆ. ಮುಖ್ಯಸ್ಥರನ್ನು ಕೇಳಿ ನಾನೂ ಡೊಲ್ಮಾಳೂ ಅವರ ಜೊತೆ ಹೊರಟಿದ್ದೇವೆ. ಫೋನ್ ಹತ್ತುವ ತನಕ ನಡೆಯುತ್ತೇನೆ. ಹತ್ತದಿದ್ದರೆ ಈ ಪತ್ರವಾದರೂ ಮುಟ್ಟಲಿ.

ಪಲ್ಲವಿ


ಅಫಜಲಪುರ
೩೦ ಡಿಸೆಂಬರ್ ೨೦೨೪

ನನ್ನ ತಂಗಿಗೆ,

ಜೈ ಭೀಮ್. ಫೋನಿನಲ್ಲಿ ಮಾತಾಡಿದೆವು ನಿಜ. ಆದರೆ ಗಾಳಿಯ ಸದ್ದಿನಲ್ಲಿ ಅರ್ಧ ಹೋಯಿತು, ಉಳಿದರ್ಧದಲ್ಲಿ ಇಬ್ಬರೂ ಚೀರಾಡಿದೆವು. ಆ ದಿನ ಈ ಕಡೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಹೇಳುತ್ತೇನೆ.

ಬಸ್ಸು ಜೇವರ್ಗಿ ಬಿಟ್ಟು ತೊಗರಿ ಹೊಲಗಳ ನಡುವೆ ಬರುತ್ತಿತ್ತು. ತುಂಬಿದ ಬಸ್ಸು. ಗೊತ್ತಿಲ್ಲದ ನಂಬರಿನಿಂದ ಫೋನು. ಎತ್ತಿದರೆ ನಿನ್ನ ಧ್ವನಿ. ಎಂಜಿನ್ನಿನ ಸದ್ದಿಗೆ ಏನೂ ಕೇಳಿಸಲಿಲ್ಲ. "ಗುರುಲಿಂಗಣ್ಣಾ, ಬಂದ್ ಮಾಡು! ನಮ್ಮ ಪಲ್ಲವಿ!" ಎಂದು ಕೂಗಿದೆ. ಅವನು ಬಸ್ಸನ್ನು ರಸ್ತೆಯ ಬದಿಗೆ ತಂದು ಎಂಜಿನ್ ಆರಿಸಿದ. ಮಂದಿಗೆಲ್ಲ ಕೇಳಿಸಲಿ ಎಂದೇ ನಾನು ಸ್ಪೀಕರ್ ಹಾಕಿದೆ. ಮೊದಲು ಎಲ್ಲರೆದುರು ಹೇಳಿದ್ದನ್ನು ಈಗ ಮೂಲೆಯಲ್ಲಿ ನಿಂತು ತಿದ್ದಿಕೊಳ್ಳಬಾರದು ಅನ್ನಿಸಿತು.

"ಅಣ್ಣಾ, ಅಮೃತಾಗ ಆ ಚೀಲ ಕೊಡಬ್ಯಾಡ!"

"ಕೊಡಂಗಿಲ್ಲ ಬೇ! ನೀ ಯಾವದರಾಗ ಮಕ್ಕೊಳ್ಳಾಕತ್ತಿ, ಅದನ್ನ ಹೇಳು ಮೊದಲ!"

"ಶಿಬಿರದ ಚೀಲದಾಗ! ಬೆಚ್ಚಗ ಅದೇನಿ!"

"ಖರೆ ಹೇಳಾಕತ್ತಿಯೇನು?"

"ಈ ಸಲ ಖರೆ, ಅಣ್ಣಾ!"

ಅಷ್ಟರಲ್ಲಿ ಅಮೃತ ಹಿಂದಿನ ಸೀಟಿನಿಂದ ಎದ್ದು ಮಂದಿಯ ನಡುವೆ ನುಗ್ಗಿ ಬಂದಳು. "ಅಕ್ಕಾ, ನಾ ಅಮೃತ ರೀ. ನಮ್ಮ ಕಡಿ ಮೈನಸ್ ಹತ್ತು ಅಂತಾರಿ. ಎಷ್ಟರದ ತರ್ಲಿ?" ನೀನು ಮೂರೂ ಅಂಕಿ ಬಿಡಿಸಿ ಹೇಳಿದೆ. ಟೊಪ್ಪಿಗೆ, ಚಾಪೆ, ಕಾಲುಚೀಲ, ಎಲ್ಲ. ಆಕೆ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಆಮೇಲೆ ಲೈನು ಕಡಿಯಿತು.

ನಾನು ಮಂದಿಯ ಕಡೆ ತಿರುಗಿದೆ. "ಕೇಳಿದ್ರಿಲ್ಲ? ನಾ ಹೇಳಿದ್ದು ತಪ್ಪಾಗಿತ್ರಿ. ನನ್ನ ಮಾತು ನಂಬಿ ಯಾರೂ ಆ ಚೀಲ ತರಬ್ಯಾಡ್ರಿ" ಎಂದೆ. ಯಾರೂ ನಗಲಿಲ್ಲ. ಶರಣಬಸಮ್ಮ ಬುಟ್ಟಿ ಸರಿಸಿ "ತಪ್ಪ ಮಾಡಿದ್ರ ಮಾಡಿದಿ ಬಿಡೋ. ಹಿಮದಾಗ ನಡಕೊಂತ ಬಂದು ಖರೆ ಹೇಳೋ ತಂಗಿ ಯಾರಿಗದಾಳ? ಹೊಡಿ ರೈಟ್" ಎಂದಳು. ಗುರುಲಿಂಗ ನಾನು ಹೇಳುವ ಮೊದಲೇ ಗೇರು ಹಾಕಿದ.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ಸೋಲಾಪುರದ ಅಂಗಡಿಯವನು ಪಾಪ ಸರಿಯಾಗಿಯೇ ಕೇಳಿದ್ದ. ಯಾರಿಗೆ, ಯಾವ ಊರಿಗೆ, ರಾತ್ರಿ ಎಷ್ಟಕ್ಕೆ ಇಳಿಯುತ್ತದೆ, ಕಂಫರ್ಟ್ ಎಷ್ಟರದು ಬೇಕು ಎಂದು. ಕಂಫರ್ಟ್ ಎಂದರೇನು ಎಂದು ಕೇಳಲು ನನಗೆ ನಾಚಿಕೆ. ವಿಜ್ಞಾನಿಯ ಅಣ್ಣ ನಾನು! "ಎಲ್ಲಾ ಗೊತ್ತದ, ಮೈನಸ್ ಹತ್ತರದ ಕೊಡ್ರಿ" ಎಂದೆ. ಅವನು ಕೊಟ್ಟ. ನೀನು ಫೋನಿನಲ್ಲಿ ಹೇಳಿದ ಒಳಗಿನ ಪಟ್ಟಿ ಹುಡುಕಿ ನೋಡಿದೆ. ಎಂಟು ಎಂದೇ ಇದೆ.

ಅಮೃತಳ ತಂಡದವರು ಬೆಂಗಳೂರಿನಿಂದ ಮೈನಸ್ ಹದಿನೈದು ಕಂಫರ್ಟಿನವನ್ನು ಬಾಡಿಗೆಗೆ ತರಿಸಿಕೊಂಡಿದ್ದಾರೆ. ಒಂದೊಂದರ ಪಟ್ಟಿಯನ್ನೂ ತಾವೇ ಓದಿ ನೋಡಿದರಂತೆ. ಆಕೆಗೆಂದು ತಂದ ಕಿತ್ತಳೆ ಚೀಲ ಈಗ ನನ್ನದು. ನೈಟ್‌ಹಾಲ್ಟಿನ ಊರಲ್ಲಿ ಬಸ್ಸಿನ ಸೀಟಿನ ಮೇಲೆ ಹಾಸಿ ಮಲಗುತ್ತೇನೆ. ಬರೋಬರಿ ಇದೆ.

ಇಪ್ಪತ್ಮೂರನೇ ತಾರೀಖಿನ ಒಂದು ಪತ್ರ ದಾರಿಯಲ್ಲಿದೆ. ಅದನ್ನು ಒಡೆಯಬೇಡ. ಸುಟ್ಟುಬಿಡು.

ನಿನ್ನ ಅಣ್ಣ


ಹಿಮ ಶಿಬಿರ, ಸ್ಪಿತಿ
೧೯ ಜನವರಿ ೨೦೨೫

ಅಣ್ಣಾ, ಜೈ ಭೀಮ್.

ನಿನ್ನ ಎರಡೂ ಪತ್ರ ಒಂದೇ ದಿನ ಬಂದವು. ಸುಡು ಎಂದದ್ದನ್ನು ಮೊದಲು ಓದಿದೆ. ಓದಿ, ಇನ್ನೊಮ್ಮೆ ಓದಿದೆ. ನದೀಮಣ್ಣ ನಿನ್ನನ್ನು ಎಳೆದು ಹಾಕದಿದ್ದರೆ ಏನಾಗುತ್ತಿತ್ತು ಎಂದು ನನಗೆ ಇಲ್ಲಿ ಕೂತು ಬೆವರು ಬಂತು. ಇನ್ನು ಮೇಲೆ ಐಸ್‌ಕ್ರೀಮ್ ಕೋಣೆಗೆ ಕಾಲಿಟ್ಟರೆ ಅಪ್ಪನಿಗೆ ಹೇಳುತ್ತೇನೆ. ಆ ಪತ್ರವನ್ನು ಸುಡುವುದಿಲ್ಲ. ಇಷ್ಟು ದಿನ ನೀನು ನನ್ನನ್ನು ಮಂದಿಗೆ ತೋರಿಸುತ್ತಿದ್ದೆ. ಅದರಲ್ಲಿ ಮೊದಲ ಸಲ ನನ್ನ ಜೊತೆ ಜಗಳ ಆಡಿದ್ದೀ. ನನಗೆ ಅದು ಬೇಕಿತ್ತು.

ಇನ್ನು ಖರೆ ಸುದ್ದಿ. ಫೋನ್ ಮಾಡಲು ಇಳಿದ ದಿನ ಮೊದಲ ಊರಿನ ಟವರ್ ಸತ್ತಿತ್ತು. ಅಲ್ಲೇ ತಂಗಿ, ಮರುದಿನ ಮುಂದಿನ ಊರಿಗೆ ನಡೆದೆವು. ಡೊಲ್ಮಾ ಒಂದು ಮಾತೂ ಗೊಣಗಲಿಲ್ಲ. ಬೂಟಿನೊಳಗೆ ಹಿಮ ಹೊಕ್ಕು ನನ್ನ ಎಡಗಾಲಿನ ಹೆಬ್ಬೆರಳು ಮರಗಟ್ಟಿತು. ಉಗುರು ಬಿದ್ದಿದೆ. ಬೆರಳು ಉಳಿದಿದೆ, ವೈದ್ಯರು ನೋಡಿದ್ದಾರೆ, ಸ್ವಲ್ಪ ಕುಂಟುತ್ತೇನೆ. ಇದನ್ನು ಮುಚ್ಚಿಟ್ಟು ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಹೋಗಿತ್ತು. ತಡೆದುಕೊಂಡೆ.

ಚೀಲ ದಿನವೂ ಕೆಲಸಕ್ಕೆ ಬರುತ್ತಿದೆ ಎಂದು ಮೊದಲ ಪತ್ರದಲ್ಲಿ ಬರೆದದ್ದೂ ಸುಳ್ಳಲ್ಲ. ಮೇಲಿನ ಇಳಿಜಾರಿನಲ್ಲಿ ಹಿಮದ ಆಳ ಅಳೆಯುವ ಯಂತ್ರವಿದೆ. ಥಂಡಿಗೆ ಅದರ ಬ್ಯಾಟರಿ ಪದೇ ಪದೇ ಸಾಯುತ್ತಿತ್ತು. ನಿನ್ನ ಚೀಲವನ್ನು ಅದರ ಪೆಟ್ಟಿಗೆಗೆ ಸುತ್ತಿ, ಮೇಲೆ ತಾಡಪತ್ರಿ ಬಿಗಿದು ಹೂತಿಟ್ಟೆ. ಈ ತಿಂಗಳ ಮೊದಲ ವಾರದ ಹಿಮಗಾಳಿಯಲ್ಲಿ ಉಳಿದ ಯಂತ್ರಗಳು ನಿಂತವು. ನಮ್ಮದೊಂದೇ ನಡೆಯಿತು. ನಮ್ಮ ಮುಖ್ಯಸ್ಥರು ಎಲ್ಲರನ್ನೂ ಕರೆದು ತೋರಿಸಿದರು. ಯಾರ ಉಪಾಯ ಎಂದು ಕೇಳಿದಾಗ ನನ್ನದು ಎಂದೆ. ಚೀಲ ಯಾರದು ಎಂದಾಗ ನಮ್ಮ ಅಣ್ಣ ತಂದದ್ದು ಎಂದೆ. ಈ ಸಲ ಎರಡನ್ನೂ ಎದೆಯೆತ್ತಿ ಹೇಳಿದೆ. ಬೇಸಿಗೆಯಿಂದ ಮೇಲಿನ ಶಿಬಿರದ ಹೊಣೆ ನನಗೇ ಕೊಟ್ಟಿದ್ದಾರೆ.

ಶರಣಬಸಮ್ಮಳಿಗೆ ಹೇಳು, ಜಳಕ ಇಪ್ಪತ್ತು ದಿನಕ್ಕೊಮ್ಮೆ. ಇದೂ ಖರೆ.

ಅಮೃತ ಮರಳಿ ಬಂದಳೇ? ತಕ್ಷಣ ಬರೆ.

ಪಲ್ಲವಿ


ಅಫಜಲಪುರ
೧೦ ಫೆಬ್ರವರಿ ೨೦೨೫

ತಂಗಿ ಪಲ್ಲವಿಗೆ ಜೈ ಭೀಮ್.

ಮೊದಲು ನಿನ್ನ ಬೆರಳಿಗೆ ದಿನಕ್ಕೆರಡು ಸಲ ಔಷಧ ಹಚ್ಚು ಎಂದು ವೈನಿ ಬರೆಸುತ್ತಿದ್ದಾಳೆ. ಅಪ್ಪನಿಗೆ ಎಲ್ಲ ಹೇಳಿದೆ. ಚೀಲದ್ದು, ಸುಳ್ಳಿನದು, ಐಸ್‌ಕ್ರೀಮ್ ಕೋಣೆಯದು, ನಿನ್ನ ನಡಿಗೆಯದು. ಕೇಳಿ, ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇಬ್ಬರೂ ಶಾಣ್ಯಾ ಅಂತ ತಿಳದಿದ್ದೆ" ಎಂದ. ಆಮೇಲೆ "ಆಕಿ ನಿಂತ ಜಾಗಾ ನಾ ನೋಡ್ಬೇಕು" ಎಂದ. ಸೋಲಾಪುರದ ಆಚೆ ಕಾಲಿಡದ ಮನುಷ್ಯ! ಜೂನಿನಲ್ಲಿ ರಜೆ ಹಾಕಿ ಕರೆತರುತ್ತೇನೆ. ಅಲ್ಲಿ ಜೂನಿನ ರಾತ್ರಿ ಎಷ್ಟಕ್ಕೆ ಇಳಿಯುತ್ತದೆ ಬರೆ. ಅಪ್ಪನಿಗೆ ವಯಸ್ಸಾಗಿದೆ, ಕಂಫರ್ಟ್ ಅಂಕಿಯನ್ನೇ ಹಿಡಿಯಬೇಕೋ, ಇನ್ನೂ ಕೆಳಗಿನದೋ? ಗೊತ್ತಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಅಮೃತ ಬಂದಳು. ಮೂಗು, ಕೆನ್ನೆ ಸುಟ್ಟು ಕರ್ರಗಾಗಿವೆ, ನಗು ಮಾತ್ರ ಕಿವಿಯ ತನಕ. ಆಕೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಅವರ ಶಿಬಿರಕ್ಕೆ ಬೇರೆ ಜಿಲ್ಲೆಯ ಕಾಲೇಜೊಂದರ ಹುಡುಗಿಯರೂ ಬಂದಿದ್ದರಂತೆ. ಎಲ್ಲಕ್ಕಿಂತ ಎತ್ತರದ ಗುಡಾರದಲ್ಲಿ ಸಂಜೆ ಚೀಲ ಬಿಚ್ಚುವಾಗ ಪಕ್ಕದ ಹುಡುಗಿಯ ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ ಮೈನಸ್ ಹತ್ತು. ಅಮೃತ ಕೇಳಿದಳಂತೆ, ಕಂಫರ್ಟ್ ಎಷ್ಟು ಎಂದು. ಆ ಹುಡುಗಿ "ಮ್ಯಾಲ ಬರದಾರಲ್ಲ, ನಮ್ಮ ಕಾಕಾ ತಂದುಕೊಟ್ಟಾರ" ಎಂದಳಂತೆ.

"ಅಣ್ಣಾರ, ನಾ ಸೀದಾ ಒಳಗ ಕೈ ಹಾಕಿ ಪಟ್ಟಿ ಹುಡಕಿದೆ ರೀ. ಏಳು ಅಂತಿತ್ತು. ಲೀಡರಿಗೆ ತೋರಿಸಿದೆ. ಅವರು ಆ ಗುಡಾರದಾಗಿನ ಎಲ್ಲಾ ಪಟ್ಟಿ ನೋಡಿದ್ರು. ಆಕಿಗೆ ತಮ್ಮ ಕಡಿ ಹೆಚ್ಚಿಗಿ ಇದ್ದ ದಪ್ಪ ಚೀಲ ಕೊಟ್ಟು, ಆಕಿದನ್ನ ಮ್ಯಾಲ ಹೊದಿಸಿದ್ರು."

ಆ ರಾತ್ರಿ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ಥಂಡಿ ಬಿತ್ತಂತೆ. ಗಾಳಿ ಬೇರೆ. "ಆ ಹುಡುಗಿಗೆ ಏನಾಯ್ತು?" ಎಂದು ಕೇಳಿದೆ. ನನ್ನ ಕೈಯಲ್ಲಿ ಟಿಕೆಟ್ ಮಶೀನು ಹಾಗೇ ನಿಂತಿತ್ತು. ಅಮೃತ ನನ್ನ ಮುಖ ನೋಡಿ ನಕ್ಕಳು.

"ಏನೂ ಆಗಲಿಲ್ರಿ. ಮುಂಜಾನಿ ಎದ್ದು, ಚಹಾಕ್ಕ ಸಕ್ಕರಿ ಕಡಿಮಿ ಅಂತ ಜಗಳಾ ತಗದಳು."

ನಿನ್ನ ಅಣ್ಣ,
ಜಗದೇವ